ಮಷಿನ್ ಸರ್ಕಾರದ್ದು, ಸೆಲ್ ಯಾರದ್ದು?

1981 ಅನ್ನು ವಿಶ್ವಸಂಸ್ಥೆ ಅಂಗವಿಕಲರ ವರ್ಷವೆಂದು ಸಾರಿತ್ತು. ಇಂಥ ಆಚರಣೆಗಳು ಸಾಮಾನ್ಯವಾಗಿ ಒಂದು ಅಂಚೆಚೀಟಿ, ನಾಲ್ಕು ಭಾಷಣಗಳಲ್ಲಿ ಮುಗಿದುಹೋಗುತ್ತವೆ. ಆದರೆ ಅದೇ ವರ್ಷ ದೆಹಲಿಯಿಂದ ಒಂದು ಯೋಜನೆಯೂ ಹೊರಟಿತು. ಊರುಗೋಲು, ತ್ರಿಚಕ್ರ, ಕೃತಕ ಕಾಲು, ಕಿವಿ ಮಷಿನ್ ಕೊಳ್ಳಲಾಗದವರಿಗೆ ಸರ್ಕಾರವೇ ಹಣ ಹಾಕಿ ಕೊಡಿಸುವ ಈ ಯೋಜನೆಯೇ ‘ಅಡಿಪ್’.

ಕಿವಿಯ ಮಟ್ಟಿಗೆ ಹಣವೊಂದೇ ಸಾಲದು. ಎಷ್ಟು ಕೇಳುತ್ತದೆ, ಯಾವ ದನಿ ಕೇಳುವುದಿಲ್ಲ ಎಂದು ಅಳೆಯಬಲ್ಲವರು ಬೇಕು. ಆ ತಯಾರಿ ಮೈಸೂರಿನಲ್ಲಿ ಮೊದಲೇ ನಡೆದಿತ್ತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಜಯಚಾಮರಾಜ ಒಡೆಯರ್ ಮಾನಸಗಂಗೋತ್ರಿಯ ಬಳಿ ಜಾಗ ಕೊಟ್ಟರು. 1966ರಲ್ಲಿ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ರಾಷ್ಟ್ರಪತಿ ರಾಧಾಕೃಷ್ಣನ್, ಹಿಂದೊಮ್ಮೆ ಇದೇ ಊರಿನಲ್ಲಿ ತತ್ವಶಾಸ್ತ್ರದ ಪಾಠ ಹೇಳಿದವರು. ಮುಂಬೈಯಲ್ಲಿ ಇದೇ ಬಗೆಯ ಅಲಿ ಯಾವರ್ ಜಂಗ್ ಸಂಸ್ಥೆ ಹುಟ್ಟಿದ್ದು 1983ರಲ್ಲಿ. ಸಲಕರಣೆ ತಯಾರಿಸುವ ಕಾನ್ಪುರದ ಅಲಿಮ್ಕೊ 1972ರದು. ಹೆಸರೇ ಹೇಳುವಂತೆ ಅದರ ಮೂಲ ಕಸುಬು ಕೃತಕ ಅಂಗ.

ಕಿವಿ ಮಷಿನ್ನನ್ನೂ ಕೈಕಾಲಿನ ಸಲಕರಣೆಯಂತೆಯೇ ಕಂಡದ್ದರಲ್ಲಿ ಯೋಜನೆಯ ತೊಡಕಿತ್ತು ಎಂದು ನನಗನ್ನಿಸುತ್ತದೆ. ಊರುಗೋಲು ಒಮ್ಮೆ ಕೈಸೇರಿದರೆ ವರ್ಷಗಟ್ಟಲೆ ಬಾಳುತ್ತದೆ. ಶಿಬಿರ ಮಾಡಿ, ಶಾಮಿಯಾನದಡಿ ಹಂಚಿ, ಫೋಟೊ ತೆಗೆಸಿಕೊಂಡು ಮನೆಗೆ ಹೋಗಬಹುದು. ಕಿವಿ ಮಷಿನ್ ಹಾಗಲ್ಲ. ಕಿವಿಯ ಅಚ್ಚು ತೆಗೆದು ಮೋಲ್ಡ್ ಮಾಡಿಸಬೇಕು. ಅದು ಸರಿಯಾಗಿ ಕೂರದಿದ್ದರೆ ಮಷಿನ್ ಕುಯ್ಯೋ ಎಂದು ಸಿಳ್ಳೆ ಹಾಕುತ್ತದೆ, ಎರಡೇ ದಿನಕ್ಕೆ ಪೆಟ್ಟಿಗೆ ಸೇರುತ್ತದೆ. ಮಕ್ಕಳ ಕಿವಿ ಬೆಳೆಯುತ್ತಲೇ ಇರುವುದರಿಂದ ಮೋಲ್ಡ್ ಮತ್ತೆ ಮತ್ತೆ ಬದಲಾಗಬೇಕು. ನಿಯಮ ಮಾಡಿದವರಿಗೆ ಇದು ಅರಿವಾದ ಗುರುತು ಒಂದು ಕಡೆ ಕಾಣುತ್ತದೆ: ದೊಡ್ಡವರು ಮತ್ತೊಮ್ಮೆ ನೆರವು ಕೇಳಲು 3 ವರ್ಷ ಕಾಯಬೇಕು, 12 ವರ್ಷದೊಳಗಿನ ಮಕ್ಕಳಿಗೆ 1 ವರ್ಷ ಸಾಕು.

ಇನ್ನು ಸೆಲ್ಲಿನ ಸಂಗತಿ. ಜೇಬಿನಲ್ಲಿ ಡಬ್ಬಿ, ಅಲ್ಲಿಂದ ಕಿವಿಗೆ ವೈರು ಇದ್ದ ಹಳೇ ಮಷಿನ್ ನೋಡಲು ಚೆಂದವಿರಲಿಲ್ಲ. ಅಂಗಿ ಉಜ್ಜಿದ ಸದ್ದೂ ಅದರಲ್ಲಿ ಕೇಳುತ್ತಿತ್ತು. ಆದರೆ ಅದಕ್ಕೆ ಬೇಕಾದ ಪೆನ್ಸಿಲ್ ಸೆಲ್ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತಿತ್ತು. ಕಿವಿ ಹಿಂದೆ ಕೂರುವ ಡಿಜಿಟಲ್ ಮಷಿನ್‌ನಲ್ಲಿ ಮಾತು ಹೆಚ್ಚು ಸ್ಪಷ್ಟ. ಅದರ ಗುಂಡಿ ಸೆಲ್ ಮಾತ್ರ ಮೇಲಿನ ಸ್ಟಿಕ್ಕರ್ ಕಿತ್ತು ಗಾಳಿ ತಾಗಿದೊಡನೆ ಸವೆಯತೊಡಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರದ ಬಾಳಿಕೆ. ಜೊತೆಗೆ ಬಂದ ಸೆಲ್ ತೀರಿದ ಮೇಲೆ ಹುಡುಕಿಕೊಂಡು ಹೋಗುವ ಕೆಲಸ ಮನೆಯವರದೇ. ಮಷಿನ್ ಎಷ್ಟು ಹಂಚಿದೆವು ಎಂಬ ಲೆಕ್ಕ ವರದಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಎಷ್ಟು ಇನ್ನೂ ಕಿವಿಯ ಮೇಲಿವೆ ಎಂಬುದಲ್ಲವೇ ನಿಜವಾದ ಲೆಕ್ಕ?

ಅಡಿಪ್‌ನ 2014ರ ತಿದ್ದುಪಡಿ ದೊಡ್ಡ ಜಿಗಿತ. ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್‌ಗೆ ಒಂದು ಮಗುವಿಗೆ 6 ಲಕ್ಷ ರೂಪಾಯಿವರೆಗೆ, ವರ್ಷಕ್ಕೆ 500 ಮಕ್ಕಳಿಗೆ ನೆರವು ಎಂದಾಯಿತು. ಕೇರಳ ಇದಕ್ಕೂ ಮೊದಲೇ ‘ಶ್ರುತಿತರಂಗಂ’ ಎಂಬ ಇಂಥದೇ ಯೋಜನೆ ಶುರುಮಾಡಿತ್ತು. ಮೊತ್ತಕ್ಕಿಂತ ಮುಖ್ಯವಾದದ್ದು, ಅಡಿಪ್‌ನ ಹಣದಲ್ಲಿ ಶಸ್ತ್ರಚಿಕಿತ್ಸೆಯಷ್ಟೇ ಅಲ್ಲ, ಆಮೇಲೆ ಯಂತ್ರವನ್ನು ಮಗುವಿಗೆ ಹೊಂದಿಸುವ ಮ್ಯಾಪಿಂಗ್, ಮಾತಿನ ತರಬೇತಿಯೂ ಸೇರಿತ್ತು. ಯಂತ್ರ ಇಟ್ಟ ಮಾತ್ರಕ್ಕೆ ಮಗು ಮಾತಾಡುವುದಿಲ್ಲ, ತಿಂಗಳುಗಟ್ಟಲೆ ಕೇಳುವುದನ್ನು ಕಲಿಯಬೇಕು ಎಂಬುದನ್ನು ಸರ್ಕಾರದ ಕಡತ ಕೊನೆಗೂ ಒಪ್ಪಿಕೊಂಡಿತ್ತು. ಮೈಸೂರಿನ ಸಂಸ್ಥೆಯ ಪೂರ್ವಶಾಲೆಗೆ ಮಕ್ಕಳೊಂದಿಗೆ ಬರುವ ತಾಯಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ವಯಸ್ಸಾದವರ ಪಾಡು ಬೇರೆ. ಅಡಿಪ್‌ಗೆ ಕನಿಷ್ಠ ಶೇ 40 ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. 2016ರ ಕಾಯ್ದೆ ಮಂದಶ್ರವಣವೆಂದು ಗುರುತಿಸುವುದು ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟದಿಂದ ಆಚೆಗೆ. 50 ಡೆಸಿಬಲ್ ಕಳೆದುಕೊಂಡ ಅಜ್ಜನಿಗೆ ಪಕ್ಕದಲ್ಲಿ ಕೂತವರ ಮಾತೇ ಅರ್ಧಂಬರ್ಧ. ಕಾಗದದ ಮೇಲೆ ಮಾತ್ರ ಅವರಿಗೆ ಏನೂ ಆಗಿಲ್ಲ. 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆ ಮೊದಲು ಬಡತನ ರೇಖೆಗಿಂತ ಕೆಳಗಿನ ಹಿರಿಯರಿಗೆ, ಆಮೇಲೆ ನಿಗದಿತ ಮಿತಿಯೊಳಗಿನ ಆದಾಯದವರಿಗೂ ಕಿವಿ ಮಷಿನ್ ಕೊಡತೊಡಗಿತು. ಜಿಎಸ್‌ಟಿಯಲ್ಲೂ ಮಷಿನ್‌ಗೆ ತೆರಿಗೆಯಿಲ್ಲ. ಆ ಮಿತಿಯ ತುಸು ಮೇಲಿರುವ, ಸಣ್ಣ ಪಿಂಚಣಿಯ ಅಜ್ಜನಿಗೆ ಸದ್ಯಕ್ಕೆ ಆ ತೆರಿಗೆ ವಿನಾಯಿತಿ ಮತ್ತು ಮಕ್ಕಳ ಕೈಯೇ ಗತಿ.