ಬಾರ್ಲಿ ವೈನ್: ಹೆಸರಿನಲ್ಲಿ ಮಾತ್ರ ವೈನ್

ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಂತೆ ಮೂಡುಬಿದಿರೆ, ಅಲಂಗಾರು, ಹೊಸಬೆಟ್ಟು, ಶಿರ್ತಾಡಿ ಕಡೆಯ ಮನೆಗಳಿಗೆ ಪರವೂರಿನಿಂದ, ಪರದೇಶದಿಂದ ಮಕ್ಕಳು ರಜೆಗೆ ಬರುತ್ತಾರೆ. ಅವರ ಪೆಟ್ಟಿಗೆಯಲ್ಲಿ ಚಾಕಲೇಟಿನ ಜೊತೆಗೆ ಒಂದೆರಡು ಬಾಟಲಿ ಇರುವುದೂ ಉಂಟು. ಈಚಿನ ವರ್ಷಗಳಲ್ಲಿ ಅವುಗಳ ನಡುವೆ 'ಬಾರ್ಲಿ ವೈನ್' ಎಂಬ ಲೇಬಲ್ ಹಚ್ಚಿದ ಚಿಕ್ಕ ಬಾಟಲಿಯೂ ಕಾಣಿಸಿಕೊಳ್ಳುತ್ತಿದೆ. ಅದನ್ನು ಕಂಡವರು ಗುರುಗಳಲ್ಲಿ ಕೇಳುವ ಪ್ರಶ್ನೆ ಒಂದೇ: "ಇದು ವೈನ್ ಅಲ್ವಾ ಫಾದರ್, ಪೂಜೆಗೆ ಆಗ್ತದಾ?"

ಆಗುವುದಿಲ್ಲ. ಏಕೆಂದರೆ ಅದು ವೈನೇ ಅಲ್ಲ, ಬೀರ್. ದ್ರಾಕ್ಷಿಯ ಒಂದು ಹನಿಯೂ ಅದರಲ್ಲಿಲ್ಲ. ವೈನಿನಷ್ಟು ಅಮಲು ಇರುವ ಬೀರ್ ಎಂಬ ಅರ್ಥದಲ್ಲಿ ಆ ಹೆಸರು ಬಂದಿದೆ.

ಮಾಡುವ ಕ್ರಮ ನಮ್ಮ ಅಡುಗೆಮನೆಯವರಿಗೆ ಸುಲಭವಾಗಿ ತಿಳಿಯುವಂಥದು. ಮಗುವಿಗೆ ರಾಗಿ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡುತ್ತೇವಲ್ಲ, ಹಾಗೆಯೇ ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸುತ್ತಾರೆ. ಅದನ್ನು ಒಡೆದು ಬಿಸಿ ನೀರಿನಲ್ಲಿ ನೆನೆಸಿದಾಗ ಕಾಳಿನ ಪಿಷ್ಟ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ತೆಂಗಿನಕಾಯಿ ಹಿಂಡುವಾಗ ಮೊದಲು ದಪ್ಪ ಹಾಲು, ಮತ್ತೆ ನೀರು ಹಾಕಿ ಹಿಂಡಿದರೆ ತೆಳು ಹಾಲು ಬರುವುದಿಲ್ಲವೇ? ಬಾರ್ಲಿ ವೈನಿಗೆ ಹಳೆಯ ಪದ್ಧತಿಯಲ್ಲಿ ಬಳಸುವುದು ಆ ದಪ್ಪ ಹಾಲನ್ನು ಮಾತ್ರ. ತೆಳು ಹಾಲಿನಿಂದ ಸಾದಾ ಬೀರ್ ಆಗುತ್ತದೆ. ದಪ್ಪ ರಸವನ್ನು ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಬಹಳ ಹೊತ್ತು ಕುದಿಸಿ, ಆರಿಸಿ, ಯೀಸ್ಟ್ ಹಾಕಿ ಹುದುಗಿಸುತ್ತಾರೆ. ಸಕ್ಕರೆ ಹೆಚ್ಚಿರುವುದರಿಂದ ಅಮಲೂ ಹೆಚ್ಚು: ಸಾಮಾನ್ಯವಾಗಿ ಶೇ. 8ರಿಂದ 12. ಬಳಿಕ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಣ್ಣಾಗಲು ಬಿಡುತ್ತಾರೆ.

ಹೆಸರು ಹೊಸದೇನಲ್ಲ. ಗ್ರೀಕ್ ಲೇಖಕ ಕ್ಸೆನೊಫೊನ್ ಕ್ರಿ. ಪೂ. 400ರ ಸುಮಾರಿಗೆ ಅರ್ಮೇನಿಯದ ಹಳ್ಳಿಗಳಲ್ಲಿ ಕಂಡ 'ಬಾರ್ಲಿಯ ದ್ರಾಕ್ಷಾರಸ'ದ ಬಗ್ಗೆ ಬರೆದಿದ್ದಾನೆ. ಕಾಳುಗಳು ಮೇಲೆ ತೇಲುತ್ತಿದ್ದ ಪಾತ್ರೆಯಿಂದ ಜನ ಅದನ್ನು ಜೊಂಡಿನ ಕೊಳವೆಯಲ್ಲಿ ಹೀರುತ್ತಿದ್ದರು. ನೀರು ಬೆರೆಸದಿದ್ದರೆ ಬಹಳ ತೀಕ್ಷ್ಣವಂತೆ. ಇಂದಿನ ಬಗೆ ಬೆಳೆದದ್ದು ಇಂಗ್ಲೆಂಡಿನಲ್ಲಿ, ಬರ್ಟನ್ ಊರಿನ ಬಾಸ್ ಕಂಪೆನಿಯಂಥವರಿಂದ. ಅಮೆರಿಕದಲ್ಲಿ ಆಂಕರ್ ಕಂಪೆನಿಯ ಓಲ್ಡ್ ಫಾಗ್‌ಹಾರ್ನ್ 1975ರಲ್ಲಿ, ಸಿಯೆರಾ ನೆವಾಡಾದ ಬಿಗ್‌ಫೂಟ್ 1983ರಲ್ಲಿ ಬಂದವು. ಬೀರ್ ಉದ್ಯಮ ನಮ್ಮ ಜಿಲ್ಲೆಗೂ ದೂರದ್ದಲ್ಲ ಬಿಡಿ. 1915ರಲ್ಲಿ ಸ್ಥಾಪನೆಯಾದ ಯುನೈಟೆಡ್ ಬ್ರೂವರೀಸಿಗೆ 1947ರಲ್ಲಿ ಮೊದಲ ಭಾರತೀಯ ನಿರ್ದೇಶಕರಾದ ವಿಠಲ ಮಲ್ಯರ ಮನೆತನ ಬಂಟ್ವಾಳದ್ದು. ಆದರೆ ನಮ್ಮ ದೇಶದ 2018ರ ಆಹಾರ ಸುರಕ್ಷತಾ ನಿಯಮಾವಳಿಯಲ್ಲಿ ಬೀರ್‌ಗೆ ಇಟ್ಟ ಮೇಲ್ಮಿತಿ ಶೇ. 8. ಆದ್ದರಿಂದ ಶೇ. 10 ದಾಟಿದ ಬಾರ್ಲಿ ವೈನ್ ಇಲ್ಲಿಯ ಬೀರ್ ಕುಡಿದು ರೂಢಿಯಾದವರಿಗೂ ಅಪರಿಚಿತವೇ.

ರುಚಿ ನೋಡುವವರು ಮೊದಲು ತಿಳಿಯಬೇಕಾದುದು, ಇದು ಗಟಗಟನೆ ಕುಡಿಯುವ ಪಾನೀಯವಲ್ಲ. ಐಸಿನಂತೆ ತಣ್ಣಗಿದ್ದರೆ ರುಚಿಯೇ ಹತ್ತುವುದಿಲ್ಲ. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟು, 12 ಡಿಗ್ರಿಯ ಆಸುಪಾಸಿಗೆ ಬಂದಾಗ ಬಾಯಿ ಕಿರಿದಾದ ಚಿಕ್ಕ ಗ್ಲಾಸಿಗೆ ಅರ್ಧದಷ್ಟು ಸುರಿಯಬೇಕು. ಬಣ್ಣ ಜೇನಿನಿಂದ ಹಿಡಿದು ಬೆಲ್ಲದ ಪಾಕದವರೆಗೆ. ಮೂಗಿಗೆ ಹಿಡಿದರೆ ಒಣದ್ರಾಕ್ಷಿ, ಖರ್ಜೂರ, ಕರಟಿದ ಸಕ್ಕರೆಯ ಪರಿಮಳ. ಬಾಯಲ್ಲಿ ಮೊದಲು ಸಿಹಿ, ಹಿಂದಿನಿಂದ ಕಹಿ, ನುಂಗಿದ ಮೇಲೆ ಎದೆಯಲ್ಲಿ ಒಂದು ಬಿಸಿ. ಅಮೆರಿಕದ ಬಗೆಯಲ್ಲಿ ಹಾಪ್ಸಿನ ಕಹಿ ಜೋರು. ಇಂಗ್ಲಿಷ್ ಬಗೆಯಲ್ಲಿ ಸಿಹಿ ಮುಂದು. ನನ್ನ ನಾಲಿಗೆಗೆ ಎರಡನೆಯದೇ ಹಿತವೆನಿಸಿತು, ಪ್ಲಮ್ ಕೇಕ್ ತಿಂದು ಬೆಳೆದ ನಾಲಿಗೆಯಲ್ಲವೇ!

ಆ ಸಿಹಿಯೇ ಮೋಸ ಮಾಡುವುದು. ಶೇ. 11ರ 330 ಮಿ.ಲೀ. ಬಾಟಲಿಯಲ್ಲಿ ಶುದ್ಧ ಮದ್ಯಸಾರ ಸುಮಾರು 36 ಮಿ.ಲೀ. ಶೇ. 5ರ ಬೀರಿನ 650 ಮಿ.ಲೀ. ದೊಡ್ಡ ಬಾಟಲಿಯಲ್ಲಿರುವುದು ಸುಮಾರು 32. 60 ಮಿ.ಲೀ. ವಿಸ್ಕಿಯ ಒಂದು ಲಾರ್ಜ್ ಪೆಗ್ಗಿನಲ್ಲಿ 26ಕ್ಕಿಂತ ಕಡಿಮೆ. ಅಂದರೆ 'ಒಂದು ಚಿಕ್ಕ ಬೀರ್ ಮಾತ್ರ' ಎಂದುಕೊಂಡು ಕುಡಿದವರು ಒಂದೂವರೆ ಲಾರ್ಜಿನ ಹತ್ತಿರ ಕುಡಿದಿರುತ್ತಾರೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿದರೆ ವಾಹನ ಚಲಾಯಿಸುವುದು ಅಪರಾಧ. ನಡುರಾತ್ರಿಯ ಪೂಜೆ ಮುಗಿಸಿ ಮನೆಯವರನ್ನು ಬೈಕಿನಲ್ಲಿ ಕೂರಿಸಿಕೊಂಡು ಮರಳಬೇಕಾದವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ಹಲವರು ಸೇರಿ ಒಂದೇ ಬಾಟಲಿ ಹಂಚಿಕೊಳ್ಳುವುದು ಇದರ ರೂಢಿ.

ಇನ್ನು ಪೂಜೆಯ ವಿಷಯ. ಮೂಡುಬಿದಿರೆಯ ಚರ್ಚಿನ ಹೆಸರೇ ಕೋರ್ಪುಸ್ ಕ್ರಿಸ್ತಿ, ಕ್ರಿಸ್ತರ ಪವಿತ್ರ ಶರೀರ. ಹಾಗಾಗಿ ಇಲ್ಲಿಯವರಿಗೆ ಇದು ಇನ್ನಷ್ಟು ಹತ್ತಿರದ ವಿಷಯ. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿಯಂತೆ ರೊಟ್ಟಿ ಗೋಧಿಯದೇ ಆಗಿರಬೇಕು, ದ್ರಾಕ್ಷಾರಸ ದ್ರಾಕ್ಷಿ ಹಣ್ಣಿನದೇ ಆಗಿದ್ದು ಕೆಟ್ಟಿರಬಾರದು. ಬಾರ್ಲಿಗೆ ಇಲ್ಲಿ ಎರಡೂ ಕಡೆ ಜಾಗವಿಲ್ಲ. ಕನ್ನಡದಲ್ಲಿ ಅದನ್ನು ಜವೆಗೋಧಿ ಎನ್ನುತ್ತೇವೆ, ಆದರೆ ಅದು ಗೋಧಿಯಲ್ಲ; ಇಂಗ್ಲಿಷರು ಅದರ ಬೀರನ್ನು ವೈನ್ ಎನ್ನುತ್ತಾರೆ, ಅದು ವೈನಲ್ಲ. ಐದು ಸಾವಿರ ಜನರಿಗೆ ಹಂಚಿದ ಐದು ರೊಟ್ಟಿಗಳು ಜವೆಗೋಧಿಯವು ಎಂದು ಸಂತ ಯೊವಾನ್ನರ ಶುಭಸಂದೇಶ ಮಾತ್ರ ಹೇಳುತ್ತದೆ. ಆದರೂ ಪೂಜೆಯ ರೊಟ್ಟಿಗೆ ಧರ್ಮಸಭೆ ಗೋಧಿಯನ್ನೇ ಹಿಡಿದುಕೊಂಡು ಬಂದಿದೆ.

ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಲವಂಗ, ದಾಲ್ಚಿನ್ನಿ ಹಾಕಿ ನಮ್ಮ ಅಜ್ಜಿಯಂದಿರು ಮಾಡುತ್ತಿದ್ದ ಮನೆ ವೈನ್ ಕೂಡ, ದ್ರಾಕ್ಷಿಯದ್ದೇ ಆದರೂ, ಪೂಜೆಗೆ ಸಲ್ಲುವುದಿಲ್ಲ. ಬೇರೆ ಪದಾರ್ಥ ಬೆರೆಸಬಾರದೆಂದು 2004ರ 'ರೆದೆಂಪ್ಸಿಯೊನಿಸ್ ಸಾಕ್ರಾಮೆಂತುಮ್' ಆದೇಶಪತ್ರ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ಅಮಲು ಇರಲೇಬೇಕೇ? ಇಲ್ಲ. ಮದ್ಯವ್ಯಸನದಿಂದ ಹೊರಬಂದ ಗುರುಗಳಿಗೆ ಬಿಷಪರ ಅನುಮತಿಯೊಂದಿಗೆ 'ಮುಸ್ತುಮ್' ಬಳಸುವ ಅವಕಾಶವಿದೆ. ಅದು ಹುದುಗುವಿಕೆಯನ್ನು ತಡೆದಿಟ್ಟ ಶುದ್ಧ ದ್ರಾಕ್ಷಿ ರಸ. 2003ರ ರೋಮಿನ ಪತ್ರ ಇದನ್ನು ವಿವರಿಸಿತು, 2017ರ ಸುತ್ತೋಲೆ ಮತ್ತೆ ನೆನಪಿಸಿತು. ಒಂದು ತೊಟ್ಟು ಕೂಡ ಕೆಲವರಿಗೆ ಅಪಾಯ ಎಂಬುದನ್ನು ಧರ್ಮಸಭೆ ಬಲಿಪೀಠದ ಬಳಿಯೇ ಒಪ್ಪಿಕೊಂಡಿರುವಾಗ, ಹಬ್ಬದ ಮೇಜಿನ ಬಳಿ 'ಸ್ವಲ್ಪ ರುಚಿ ನೋಡಿ ಮಾರಾಯ್ರೆ' ಎಂದು ನಾವು ಒತ್ತಾಯಿಸುವುದು ಯಾಕೆ?

ತೆರೆದ ಬಾಟಲಿಯಲ್ಲಿ ಉಳಿದರೆ ಕೆಲವರು ಅದರಲ್ಲಿ ಕೇಕಿನ ಒಣದ್ರಾಕ್ಷಿ ನೆನೆಸುತ್ತಾರೆ. ರುಚಿ ಚೆನ್ನಾಗಿಯೇ ಬರುತ್ತದೆ. ಆದರೆ ಬೇಯಿಸಿದಾಗ ಮದ್ಯಸಾರ ಪೂರ್ತಿ ಆರಿಹೋಗುವುದಿಲ್ಲ. ಮೂಡುಬಿದಿರೆ ಜೈನಕಾಶಿ, ನಮ್ಮ ಕುಸ್ವಾರಿನ ತಟ್ಟೆ ಜೈನರ, ಹಿಂದೂಗಳ, ಮುಸ್ಲಿಮರ ಮನೆಗಳಿಗೂ ಹೋಗುತ್ತದೆ. ಆ ತಟ್ಟೆಗಳಲ್ಲಿ ಈ ಕೇಕ್ ಬೇಡ, ಮೊಟ್ಟೆ ಹಾಕಿದ್ದನ್ನೂ ಕೇಳಿಯೇ ಇಡಿ. ಗುಳಿಯೊ, ಚಕ್ಕುಲಿ, ಎಳ್ಳುಂಡೆ ಧಾರಾಳವಾಗಿ ಇರಲಿ.