ರಾತ್ರಿ ನೋಯುವ ಮಂಡಿ: ತಿಕ್ಕಿಸುವ ಮುನ್ನ ಒಂದು ಎಕ್ಸ್‌ರೇ

ಜುಮಾ ನಮಾಝ್ ಮುಗಿದ ಮೇಲೆ ಯಾರದೋ ಚಿಕಿತ್ಸೆಗೆ ನೆರವು ಕೋರಿ ಪ್ರಕಟಣೆ ಮಾಡುವುದು ನಮಗೆ ಹೊಸದಲ್ಲ. ಗೋರಿಪಾಳ್ಯವಾಗಲಿ, ಪಾದರಾಯನಪುರವಾಗಲಿ, ವಿಜಯನಗರ, ಕೆಂಗೇರಿಯಾಗಲಿ, ಹೃದಯ, ಕಿಡ್ನಿ, ಅಪಘಾತ ಎಂಬ ಮಾತುಗಳ ನಡುವೆ ಒಮ್ಮೊಮ್ಮೆ ‘ಹುಡುಗನ ಕಾಲಿನ ಮೂಳೆಯಲ್ಲಿ ಗಡ್ಡೆ’ ಎಂಬ ಮಾತೂ ಕಿವಿಗೆ ಬೀಳುತ್ತದೆ. ಕೈಲಾದಷ್ಟು ಹಾಕಿ ನಾವು ಮನೆಗೆ ಹೋಗುತ್ತೇವೆ. ಆ ಗಡ್ಡೆ ಎಂದರೇನು, ಮನೆಯವರಿಗೆ ಅದು ಮೊದಲು ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಕಾಯಿಲೆಯಲ್ಲಿ ಹಣಕ್ಕಿಂತ ಮೊದಲು ಕೈತಪ್ಪಿ ಹೋಗುವುದು ಸಮಯ. ಅದಕ್ಕಾಗಿ ಈ ತಿಂಗಳು ಮೂಳೆಯ ಗಡ್ಡೆಗಳ ಬಗ್ಗೆ, ಅದರಲ್ಲೂ ಬೆಳೆಯುವ ಮಕ್ಕಳ ಮಂಡಿಯ ಸುತ್ತ ಬರುವ ಗಡ್ಡೆಯ ಬಗ್ಗೆ ಬರೆಯುತ್ತಿದ್ದೇವೆ.

ಮೊದಲಿಗೆ ಧೈರ್ಯದ ಮಾತು. ಮಕ್ಕಳ ಕಾಲುನೋವು ಬಹುಪಾಲು ಕ್ಯಾನ್ಸರ್ ಅಲ್ಲ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಎಲ್ಲ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲ. ಆರೆಂಟು ವರ್ಷದ ಮಗು ಸಂಜೆ ಎರಡೂ ಕಾಲು ನೋವೆಂದು ಅತ್ತು, ಒತ್ತಿಸಿಕೊಂಡು ಮಲಗಿ, ಬೆಳಿಗ್ಗೆ ಏನೂ ಆಗದಂತೆ ಓಡಾಡಿದರೆ ಅದು ಸಾಮಾನ್ಯವಾಗಿ ಬೆಳವಣಿಗೆಯ ನೋವು. ಅದಕ್ಕೆ ಹೆದರಬೇಕಿಲ್ಲ.

ಹೆದರಬೇಕಾದ ನೋವಿನ ಸ್ವಭಾವ ಬೇರೆ. ಅದು ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ ಇರುತ್ತದೆ. ವಿಶ್ರಾಂತಿಗೆ ಕಡಿಮೆಯಾಗುವುದಿಲ್ಲ. ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆ. ವಾರಗಳು ಕಳೆದಂತೆ ಹೆಚ್ಚುತ್ತದೆ. ನಂತರ ಅದೇ ಜಾಗದಲ್ಲಿ ಗಟ್ಟಿಯಾದ ಊತ ಕಾಣುತ್ತದೆ, ಮುಟ್ಟಿದರೆ ಬಿಸಿ ಎನಿಸುತ್ತದೆ, ಮಗು ಕುಂಟತೊಡಗುತ್ತದೆ. ವಯಸ್ಸು ಸಾಮಾನ್ಯವಾಗಿ 10ರಿಂದ 20. ಜಾಗ ಹೆಚ್ಚಾಗಿ ಮಂಡಿಗೆ ಸ್ವಲ್ಪ ಮೇಲೆ ತೊಡೆಮೂಳೆಯ ತುದಿ, ಇಲ್ಲವೇ ಮಂಡಿಯ ಕೆಳಗೆ ಮೊಣಕಾಲ ಮೂಳೆಯ ತಲೆ, ಒಮ್ಮೊಮ್ಮೆ ಭುಜದ ಹತ್ತಿರದ ತೋಳುಮೂಳೆ. ಈ ಕಾಯಿಲೆಯನ್ನು ವೈದ್ಯರು ಆಸ್ಟಿಯೋಸಾರ್ಕೋಮಾ ಎನ್ನುತ್ತಾರೆ. ಹುಡುಗರು ಮೀಸೆ ಮೂಡುವ ವಯಸ್ಸಿನಲ್ಲಿ ನೋಡನೋಡುತ್ತಿದ್ದಂತೆ ಉದ್ದವಾಗುವುದು ಮಂಡಿಯ ಎರಡೂ ಬದಿಯಲ್ಲಿರುವ ಬೆಳವಣಿಗೆಯ ಪಟ್ಟಿಗಳಿಂದ. ಜೀವಕೋಶಗಳು ಅತಿ ವೇಗವಾಗಿ ಒಡೆದು ಹೆಚ್ಚುವ ಆ ಜಾಗದಲ್ಲೇ ಈ ಗಡ್ಡೆಯೂ ಹೆಚ್ಚಾಗಿ ಹುಟ್ಟುತ್ತದೆ.

ಕಥೆ ಬಹುತೇಕ ಎಲ್ಲ ಮನೆಗಳಲ್ಲೂ ಒಂದೇ ರೀತಿ ಶುರುವಾಗುತ್ತದೆ. ಹುಡುಗ ಗಲ್ಲಿ ಕ್ರಿಕೆಟ್ ಆಡುವಾಗಲೋ ಬೈಕಿನಿಂದಲೋ ಬೀಳುತ್ತಾನೆ. ಮಂಡಿ ಊದುತ್ತದೆ. ‘ಬಿದ್ದದ್ದಕ್ಕೆ ಊದಿದೆ’ ಎಂದು ಎಲ್ಲರೂ ನಂಬುತ್ತಾರೆ. ನಿಜವೇನೆಂದರೆ ಬಿದ್ದದ್ದರಿಂದ ಗಡ್ಡೆ ಹುಟ್ಟುವುದಿಲ್ಲ. ಮೊದಲೇ ಇದ್ದ ಗಡ್ಡೆಯ ಕಡೆಗೆ ಆ ಪೆಟ್ಟು ನಮ್ಮ ಗಮನ ಸೆಳೆದಿರುತ್ತದೆ, ಅಷ್ಟೆ. ಪೆಟ್ಟಿನ ಊತ ಎರಡು ಮೂರು ವಾರದಲ್ಲಿ ಇಳಿಯಬೇಕು. ಇಳಿಯದೆ ಬೆಳೆಯುತ್ತಿದ್ದರೆ ಅದು ಬರೀ ಪೆಟ್ಟಲ್ಲ.

ಇಲ್ಲೇ ದಾರಿ ಕವಲೊಡೆಯುತ್ತದೆ. ನಮ್ಮ ಕಡೆ ಮೂಳೆಗೆ ಏನಾದರೂ ಆದರೆ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ಆಂಧ್ರದ ಆ ಊರಿನ ಹೆಸರು ಹೊತ್ತ ಬೋರ್ಡುಗಳು ಬೆಂಗಳೂರಿನ ಯಾವ ಬಡಾವಣೆಯಲ್ಲೂ ಸಿಗುತ್ತವೆ. ಅದು ಬಿಟ್ಟರೆ ಗರಡಿಯ ಪೈಲ್ವಾನರು. ಬಡವರಿಗೆ ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ, ಮರ್ಯಾದೆಯಿಂದ ಮಾತನಾಡಿಸಿ ನೋಡುವವರು ಇವರು. ಇವರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಕೈಯಿಂದ ಮುಟ್ಟಿ ನೋಡಿದರೆ ಉಳುಕು, ಬಿರುಕು, ಗಡ್ಡೆ ಮೂರೂ ಒಂದೇ ರೀತಿ ಊದಿಕೊಂಡಿರುತ್ತವೆ. ಒಳಗೆ ಏನಿದೆ ಎಂದು ಯಾವ ಅನುಭವಿ ಕೈಯೂ ಹೇಳಲಾರದು. ಗಡ್ಡೆಯಿರುವ ಮೂಳೆ ಒಳಗಿಂದ ಸವೆದಿರುತ್ತದೆ. ಅದನ್ನು ಎಣ್ಣೆ ಹಾಕಿ ಜೋರಾಗಿ ತಿಕ್ಕಿದರೆ, ಎಳೆದು ಕಟ್ಟಿದರೆ ಮುರಿಯಬಹುದು. ಮುರಿದರೆ ರಕ್ತದೊಂದಿಗೆ ಗಡ್ಡೆಯ ಕೋಶಗಳು ಸುತ್ತಲಿನ ಮಾಂಸಕ್ಕೆ ಹರಡಿ, ಉಳಿಸಬಹುದಾಗಿದ್ದ ಕಾಲನ್ನು ಉಳಿಸುವುದು ಕಷ್ಟವಾಗುತ್ತದೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ‘ಇನ್ನೊಂದು ಕಟ್ಟು ನೋಡೋಣ’ ಎನ್ನುತ್ತ ಕಳೆದ ಎರಡು ಮೂರು ತಿಂಗಳು. ಈ ಗಡ್ಡೆ ಹೆಚ್ಚಾಗಿ ಹೋಗುವುದು ಶ್ವಾಸಕೋಶಕ್ಕೆ. ಅಲ್ಲಿ ತಲುಪಿದ ಮೇಲೆ ಗುಣವಾಗುವ ಸಾಧ್ಯತೆ ಬಹಳ ಇಳಿಯುತ್ತದೆ.

ಹಿಜಾಮಾ ಮಾಡಿಸುವವರಿಗೂ ಇದೇ ಮಾತು. ಏನೆಂದು ಗೊತ್ತಿಲ್ಲದ ಊತದ ಮೇಲೆ ಗೀರು ಹಾಕಿಸಬೇಡಿ. ಕೀಮೋಥೆರಪಿ ನಡೆಯುವಾಗಲಂತೂ ಬೇಡವೇ ಬೇಡ. ಆಗ ರಕ್ತದಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿರಕ್ತಕಣ ಕಡಿಮೆಯಿರುತ್ತವೆ, ರಕ್ತಸ್ರಾವವಾಗಬಹುದು, ಸೋಂಕು ತಗಲಬಹುದು. ದುಆ ಯಾವಾಗ ಬೇಕಾದರೂ ಮಾಡಿ. ಅದು ಎಕ್ಸ್‌ರೇಗೆ ಅಡ್ಡ ಬರುವುದಿಲ್ಲ.

ಎಲ್ಲ ಗಡ್ಡೆಯೂ ಇದೇ ಅಲ್ಲ. 20ರಿಂದ 40 ವರ್ಷದವರಲ್ಲಿ ಮಂಡಿ ಅಥವಾ ಮಣಿಕಟ್ಟಿನ ಹತ್ತಿರ ಜೈಂಟ್ ಸೆಲ್ ಗಡ್ಡೆ ಬರುತ್ತದೆ. ಅದು ಕ್ಯಾನ್ಸರ್ ಅಲ್ಲ, ಆದರೂ ಮೂಳೆಯನ್ನು ತಿಂದುಹಾಕುತ್ತದೆ, ಶಸ್ತ್ರಚಿಕಿತ್ಸೆ ಬೇಕು. ಮಕ್ಕಳಲ್ಲಿ ಯೂಯಿಂಗ್ ಸಾರ್ಕೋಮಾ ಎಂಬ ಇನ್ನೊಂದಿದೆ. ಅದರಲ್ಲಿ ಜ್ವರವೂ ಬರುವುದರಿಂದ ಕೀವು ಎಂದು ತಪ್ಪು ತಿಳಿಯುವುದುಂಟು. ಬೆನ್ನುಮೂಳೆಯ ಬಹುಕಾಲದ ನೋವಿಗೆ ನಮ್ಮ ದೇಶದಲ್ಲಿ ಟಿಬಿಯೂ ಕಾರಣವಿರಬಹುದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಮಾತ್ರೆಯಿದೆ, ಒಂದು ವರ್ಷ ಇಲ್ಲವೇ ಅದಕ್ಕೂ ಹೆಚ್ಚು ಕಾಲ ಬಿಡದೆ ತೆಗೆದುಕೊಳ್ಳಬೇಕು. 40 ದಾಟಿದವರ ಮೂಳೆಯಲ್ಲಿ ಗಡ್ಡೆ ಕಂಡರೆ ವೈದ್ಯರು ಮೊದಲು ಸ್ತನ, ಪ್ರಾಸ್ಟೇಟ್, ಶ್ವಾಸಕೋಶಗಳಿಂದ ಹರಡಿ ಬಂದದ್ದೇ ಎಂದು ಹುಡುಕುತ್ತಾರೆ. ಇನ್ನು ಬೆನ್ನು, ತೋಳಿನ ಮೇಲೆ ವರ್ಷಗಟ್ಟಲೆ ಹಾಗೇ ಇರುವ, ಬೆರಳಲ್ಲಿ ಜಾರುವ ಮೆತ್ತನೆಯ ಗಂಟು ಹೆಚ್ಚಾಗಿ ಬರೀ ಕೊಬ್ಬಿನ ಗಂಟು. ಆದರೆ ಮಾಂಸದ ಆಳದಲ್ಲಿರುವ, ಬೆಳೆಯುತ್ತಿರುವ, ದೊಡ್ಡ ನಿಂಬೆಹಣ್ಣಿನ ಗಾತ್ರ ಮೀರಿದ ಗಂಟನ್ನು ನೋಯದಿದ್ದರೂ ತೋರಿಸಲೇಬೇಕು.

ಎಲ್ಲಿಗೆ ಹೋಗಬೇಕು? ಮೊದಲ ಎಕ್ಸ್‌ರೇಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಕೆಲವು ನೂರು ರೂಪಾಯಿಯ ಕೆಲಸ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೂ ಕಡಿಮೆ. ಗಾರ್ಮೆಂಟ್ಸ್‌ನಲ್ಲೋ ಕಾರ್ಖಾನೆಯಲ್ಲೋ ದುಡಿಯುವ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಅವರ ಮಕ್ಕಳಿಗೂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಬಾಗಿಲು ತೆರೆದಿದೆ. ಸಂಬಳದಲ್ಲಿ ತಿಂಗಳು ತಿಂಗಳು ಹಣ ಮುರಿದುಕೊಂಡರೂ ಕಾರ್ಡ್ ಎಲ್ಲಿದೆಯೆಂದೇ ಗೊತ್ತಿಲ್ಲದ ಮನೆಗಳು ಎಷ್ಟೋ!

ಎಕ್ಸ್‌ರೇಯಲ್ಲಿ ಸಂಶಯ ಕಂಡರೆ ಅಲ್ಲಿಂದ ಮುಂದೆ ಕ್ಯಾನ್ಸರ್ ಆಸ್ಪತ್ರೆಯ ಕೆಲಸ. ನಮ್ಮ ಊರಿನಲ್ಲೇ ಕಿದ್ವಾಯಿ ಇದೆ. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಈ ಸಂಸ್ಥೆ 1973ರಲ್ಲಿ ಶುರುವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಕೆಂಗೇರಿ, ವಿಜಯನಗರದವರು ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು ಹಸಿರು ಮಾರ್ಗಕ್ಕೆ ಬದಲಿಸಿ, ಲಾಲ್‌ಬಾಗ್‌ನಲ್ಲಿಳಿದು ಆಟೋ ಹಿಡಿಯಬಹುದು. ರಾಜಾಜಿನಗರದವರಿಗೆ ಬದಲಿಸುವ ಅಗತ್ಯವೂ ಇಲ್ಲ. ದೂರದ ಜಿಲ್ಲೆಗಳಿಂದ ರಾತ್ರಿ ಬಸ್ಸಿನಲ್ಲಿ ಬಂದು ಅಲ್ಲಿ ಸಾಲು ನಿಲ್ಲುವವರನ್ನು ನೋಡಿದರೆ ನಾವೆಷ್ಟು ಹತ್ತಿರದಲ್ಲಿದ್ದೇವೆ ಎಂದು ತಿಳಿಯುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಅಲ್ಲಿ ಎಂಆರ್‌ಐ, ಎದೆಯ ಸಿಟಿ ಸ್ಕ್ಯಾನ್, ಆಮೇಲೆ ಬಯಾಪ್ಸಿ ಮಾಡುತ್ತಾರೆ. ಬಯಾಪ್ಸಿ ಎಂದ ಕೂಡಲೇ ಅನೇಕರು ಎದ್ದು ಬರುತ್ತಾರೆ. ‘ಸೂಜಿ ಹಾಕಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತದೆ’ ಎಂಬ ಭಯ. ಇದು ನಿಜವಲ್ಲ. ಆದರೆ ಇದರಲ್ಲಿ ತಿಳಿಯಬೇಕಾದ ಒಂದು ಅಂಶವಿದೆ. ಸೂಜಿ ಹೋದ ದಾರಿಯನ್ನು ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆಗೇ ತೆಗೆಯಬೇಕಾಗುತ್ತದೆ. ತಪ್ಪು ಜಾಗದಲ್ಲಿ ಹಾಕಿದರೆ ಒಳ್ಳೆಯ ಮಾಂಸವನ್ನೂ ತೆಗೆಯಬೇಕಾಗಿ ಬರುತ್ತದೆ. ಆದ್ದರಿಂದ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲೇ ಬಯಾಪ್ಸಿಯನ್ನೂ ಮಾಡಿಸಿ. ಬೀದಿಯ ನರ್ಸಿಂಗ್ ಹೋಮಿನಲ್ಲಿ ‘ಸಣ್ಣದಾಗಿ ಕೊಯ್ದು ನೋಡೋಣ’ ಎಂದರೆ ಒಪ್ಪಬೇಡಿ.

ಚಿಕಿತ್ಸೆ ಹೆಚ್ಚುಕಡಿಮೆ ಒಂದು ವರ್ಷದ್ದು. ಮೊದಲು ಎರಡು ಮೂರು ತಿಂಗಳು ಕೀಮೋಥೆರಪಿ, ನಂತರ ಶಸ್ತ್ರಚಿಕಿತ್ಸೆ, ಮತ್ತೆ ಕೀಮೋಥೆರಪಿ. ಸಿಸ್ಪ್ಲಾಟಿನ್, ಡಾಕ್ಸೊರುಬಿಸಿನ್ ಮುಖ್ಯ ಔಷಧಗಳು. ಅನೇಕ ಕಡೆ ಮೆಥೊಟ್ರೆಕ್ಸೇಟನ್ನು ಅಧಿಕ ಪ್ರಮಾಣದಲ್ಲಿ ಕೊಡುತ್ತಾರೆ. ಫೋಲಿಕ್ ಆಮ್ಲದ ಕೆಲಸವನ್ನು ತಡೆದು ಗಡ್ಡೆಯ ಕೋಶಗಳನ್ನು ಉಪವಾಸ ಕೆಡವುವ ಈ ಬಗೆಯ ಔಷಧಗಳು ಬಂದದ್ದು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಸಂಶೋಧನೆಯಿಂದ. ನಮ್ಮ ಪಕ್ಕದ ನಾಡಿನವರ ಹೆಸರು ನಮಗೇ ಗೊತ್ತಿಲ್ಲದಿರುವುದು ಬೇಸರದ ಸಂಗತಿ. 1970ರ ದಶಕಕ್ಕೆ ಮುಂಚೆ ಕಾಲು ಕತ್ತರಿಸಿದರೂ ಐವರಲ್ಲಿ ಒಬ್ಬರು ಉಳಿಯುವುದೇ ಹೆಚ್ಚಾಗಿತ್ತು. ಕೀಮೋಥೆರಪಿ ಸೇರಿದ ಮೇಲೆ, ರೋಗ ಬೇರೆಡೆಗೆ ಹರಡುವ ಮುನ್ನವೇ ಬಂದು ಒಳ್ಳೆಯ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದ ಮೂವರಲ್ಲಿ ಸುಮಾರು ಇಬ್ಬರು ಐದು ವರ್ಷ ದಾಟುತ್ತಾರೆ. ‘ಪೂರ್ತಿ’ ಎಂಬುದಕ್ಕೆ ಇಲ್ಲಿ ಬಹಳ ತೂಕವಿದೆ. ಎರಡು ಸಲ ಔಷಧ ಹೋದ ಕೂಡಲೇ ನೋವು ಇಳಿಯುತ್ತದೆ, ಊತ ಕುಗ್ಗುತ್ತದೆ. ಕೂದಲು ಉದುರಿದ, ವಾಂತಿಯಲ್ಲಿ ಸೊರಗಿದ ಮಗನನ್ನು ನೋಡಲಾಗದೆ ‘ಈಗ ವಾಸಿಯಾಗಿದೆಯಲ್ಲ’ ಎಂದು ಕುಟುಂಬ ಚಿಕಿತ್ಸೆ ನಿಲ್ಲಿಸಿಬಿಡುತ್ತದೆ. ಕೆಲವು ತಿಂಗಳಲ್ಲಿ ಗಡ್ಡೆ ಮರಳಿ ಬರುತ್ತದೆ, ಆಗ ಅದೇ ಔಷಧ ಮೊದಲಿನಂತೆ ಹಿಡಿಯುವುದಿಲ್ಲ.

ಚಿಕಿತ್ಸೆ ಬಿಡುವ ಇನ್ನೊಂದು ಕಾರಣ ಕಾಲು ಹೋಗುವ ಭಯ. ಇಂದು ಬೇಗ ಬಂದವರಲ್ಲಿ ಹೆಚ್ಚಿನವರಿಗೆ ಕಾಲು ಕತ್ತರಿಸುವುದಿಲ್ಲ. ಗಡ್ಡೆಯಿರುವ ಮೂಳೆಯ ಭಾಗವನ್ನಷ್ಟೇ ತೆಗೆದು ಲೋಹದ ಮೂಳೆ ಮತ್ತು ಕೀಲು ಜೋಡಿಸುತ್ತಾರೆ. ತಡವಾಗಿ, ರಕ್ತನಾಳ ಮತ್ತು ನರಕ್ಕೆ ಗಡ್ಡೆ ಸುತ್ತಿಕೊಂಡ ಮೇಲೆ ಬಂದವರಿಗೆ ಆ ಅವಕಾಶವಿರುವುದಿಲ್ಲ. ಆಗ ಕಾಲೋ ಜೀವವೋ ಎಂಬ ಪ್ರಶ್ನೆ ಬರುತ್ತದೆ. ಉರ್ವಾ ಬಿನ್ ಝುಬೈರ್(ರ) ಅವರ ಘಟನೆಯನ್ನು ನಮ್ಮ ಖತೀಬರು ಸಹನೆಯ ವಿಷಯ ಬಂದಾಗ ಹೇಳುತ್ತಿರುತ್ತಾರೆ. ಡಮಾಸ್ಕಸ್‌ನ ಖಲೀಫ ವಲೀದರ ಬಳಿಗೆ ಹೋದಾಗ ಅವರ ಕಾಲಿಗೆ ರೋಗ ತಗಲಿತು, ಕಾಲನ್ನು ಕತ್ತರಿಸಬೇಕಾಯಿತು, ಅವರು ಅಲ್ಲಾಹನ ಸ್ಮರಣೆಯಲ್ಲೇ ಅದನ್ನು ಸಹಿಸಿದರು ಎಂದು ಚರಿತ್ರೆಯಲ್ಲಿ ಬಂದಿದೆ. ಆ ಘಟನೆಯಲ್ಲಿ ಇನ್ನೊಂದು ಮುಖವೂ ಇದೆ. ರೋಗ ಮೇಲಕ್ಕೆ ಹರಡುತ್ತದೆ ಎಂದು ವೈದ್ಯರು ಹೇಳಿದಾಗ ಮದೀನಾದ ಆ ಮಹಾ ವಿದ್ವಾಂಸರು ಅದಕ್ಕೆ ಒಪ್ಪಿದರು. ಸಹನೆಯೆಂದು ರೋಗವನ್ನು ಹಾಗೇ ಬಿಡಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ತಡ ಇನ್ನೂ ಹೆಚ್ಚು. ಊತ ಬಟ್ಟೆಯೊಳಗೆ ಮರೆಯಾಗಿರುತ್ತದೆ, ಹುಡುಗಿ ನಾಚಿ ಹೇಳುವುದಿಲ್ಲ, ತಾಯಿಗೆ ಗೊತ್ತಾದರೂ ‘ನಾಳೆ ಸಂಬಂಧ ಕುದುರುವುದು ಕಷ್ಟ’ ಎಂದು ನೆಂಟರಿಂದ ಮುಚ್ಚಿಡುತ್ತಾರೆ. ಇದು ಅಂಟುವ ರೋಗವಲ್ಲ. ಬಹುಪಾಲು ಮನೆತನದಿಂದ ಬರುವ ರೋಗವೂ ಅಲ್ಲ. ಮುಚ್ಚಿಟ್ಟರೆ ಮದುವೆಯ ವಯಸ್ಸಿಗೆ ಹುಡುಗಿಯೇ ಇರದಿರಬಹುದು.

ಮಸೀದಿ ಕಮಿಟಿಗಳಲ್ಲಿ ನಮ್ಮ ವಿನಂತಿ ಇಷ್ಟು. ಝಕಾತ್ ಮತ್ತು ಸದಕಾದ ಹಣವನ್ನು ಶಸ್ತ್ರಚಿಕಿತ್ಸೆಗೆ ಮಾತ್ರ ಇಡಬೇಡಿ. ಯೋಜನೆಯಲ್ಲಿ ಔಷಧ ಸಿಕ್ಕರೂ ವರ್ಷವಿಡೀ ಆಸ್ಪತ್ರೆಗೆ ಓಡಾಡುವ ಖರ್ಚು, ಜೊತೆಗೆ ಹೋಗುವ ತಂದೆಯ ತಪ್ಪಿದ ಕೂಲಿ, ಮನೆಯ ಬಾಡಿಗೆ ಕುಟುಂಬದ ಮೇಲೆ ಬೀಳುತ್ತವೆ. ಅರ್ಧದಲ್ಲೇ ಚಿಕಿತ್ಸೆ ಬಿಡಿಸುವುದು ಅನೇಕ ಸಲ ಈ ಸಣ್ಣ ಖರ್ಚುಗಳೇ.

ಚಿಕಿತ್ಸೆ ಮುಗಿದವರಿಗೆ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನ್ ಇರುತ್ತದೆ, ಅದನ್ನು ತಪ್ಪಿಸಬಾರದು. ಲೋಹದ ಕೀಲು ಹಾಕಿದ ಮಂಡಿಯನ್ನು ಎಷ್ಟು ಮಡಿಸಬಹುದೆಂದು ಶಸ್ತ್ರಚಿಕಿತ್ಸಕರನ್ನೇ ಕೇಳಿ. ಅವರು ಮಂಡಿಯೂರಬಾರದು ಎಂದರೆ ಕುರ್ಚಿಯ ಮೇಲೆ ಕುಳಿತು, ಸಜ್ದಾಕ್ಕೆ ತಲೆಯನ್ನು ರುಕೂಗಿಂತ ಹೆಚ್ಚು ಬಾಗಿಸಿ ನಮಾಝ್ ಮಾಡಬಹುದು. ಅಂಥ ಹುಡುಗನೊಬ್ಬ ಸಫ್‌ನ ಕೊನೆಯಲ್ಲಿ ಕುರ್ಚಿ ಹಾಕಿಕೊಂಡರೆ, ಇಷ್ಟು ಚಿಕ್ಕ ವಯಸ್ಸಿಗೆ ಕುರ್ಚಿಯೇಕೆ ಎಂದು ಯಾರೂ ಗದರಿಸದಂತೆ ಇಮಾಮರು ಮೊದಲೇ ಒಂದು ಮಾತು ಹೇಳಿಟ್ಟರೆ ಒಳ್ಳೆಯದು.