ಹತ್ತರಗಿಯ ಬೀಗರೊಡನೆ ಗೋಕರ್ಣದಲ್ಲಿ ಎರಡು ರಾತ್ರಿ

ಸದಸ್ಯ ಬಾಂಧವರು ಈ ಪತ್ರಿಕೆಯನ್ನು ಬಿಡಿಸುವುದು ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು, ಬೋರ್ಡೋ ದ್ರಾವಣದ ಪ್ರಮಾಣ ಇವುಗಳನ್ನು ನೋಡಲಿಕ್ಕೆ. ಇವುಗಳ ನಡುವೆ ಸಮುದ್ರದಂಡೆಯ ಲಾಡ್ಜಿನ ಮಾತೇಕೆಂದು ಯಾರಾದರೂ ಕೇಳಿದರೆ ತಪ್ಪೆನ್ನುವಂತಿಲ್ಲ. ಆದರೆ ಎರಡು ಮೂರು ಎಕರೆ ತೋಟದವರು ಮನೆ ಬಿಟ್ಟು ಹೊರಡುವುದೇ ಅಪರೂಪ. ಹೊರಟಾಗ ಮುಂದಾಲೋಚನೆ ಇಲ್ಲದೆ ಹೋಗಿ, ದುಡ್ಡು ಕಳೆದುಕೊಂಡು, ಮೈ ಕೈ ನೋಯಿಸಿಕೊಂಡು ಬಂದವರನ್ನು ನಾವು ಬಹಳ ಕಂಡಿದ್ದೇವೆ. ಹೋದ ವರ್ಷ ನಾವೂ ಆ ಪಂಕ್ತಿಗೆ ಸೇರುವುದರಲ್ಲಿದ್ದೆವು. ಆದದ್ದನ್ನು ಆದಂತೆ ಬರೆಯುತ್ತೇವೆ.

ನಮ್ಮ ಮಗಳನ್ನು ಕೊಟ್ಟಿರುವುದು ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿಗೆ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹೋದವರಿಗೆ ಅಲ್ಲಿಯ ಟೋಲ್ ನಾಕಾ ಗೊತ್ತಿರುತ್ತದೆ. ಬೀಗರದು ಕಬ್ಬಿನ ಬೇಸಾಯ. ಹಿಡಕಲ್ ಜಲಾಶಯ ಹತ್ತಿರದಲ್ಲೇ ಇದೆ, ಗೋಕಾಕದ ಜಲಪಾತವೂ ದೂರವಿಲ್ಲ. ನೀರು ಕಾಣದ ಜನವೇನಲ್ಲ. ಆದರೂ ಬೀಗರ ತಾಯಿ, ಎಪ್ಪತ್ತೆಂಟು ವರ್ಷದ ಅವ್ವ, ಸಮುದ್ರ ನೋಡಿರಲಿಲ್ಲ. ಯುಗಾದಿಗೆ ಹೋದಾಗ ಬೀಗರು ಪಡಸಾಲೆಯಲ್ಲಿ ಕೂತು ಮೆಲ್ಲಗೆ ಹೇಳಿದರು: "ಅವ್ವಗ ಒಮ್ಮೆರ ಸಮುದ್ರ ತೋರಸ್ಬೇಕ್ರಿ ಬೀಗರ. ಮೊಣಕಾಲು ಇನ್ನೊಂದು ವರ್ಷ ತಡೀತಾವೋ ಇಲ್ಲೋ." ಒಳಗಿನಿಂದ ಅವ್ವ, "ನನಗ ಸಮುದ್ರ ಬ್ಯಾಡ, ಮಹಾಬಳೇಶ್ವರ ಕಂಡ್ರ ಸಾಕು" ಎಂದರು. ಗೋಕರ್ಣಕ್ಕೆ ಹೋದರೆ ಎರಡೂ ಒಂದೇ ಕಡೆ ಸಿಗುತ್ತದೆಂದು ಅಲ್ಲಿಯೇ ನಿಶ್ಚಯವಾಯಿತು.

ಹಣದ ಮಾತು ಮೊದಲು. ನಮ್ಮ ಕಡೆ ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆಯ ಲೆಕ್ಕ ಯಾರ ಕೈಗೂ ಸರಿಯಾಗಿ ಸಿಗುತ್ತಿಲ್ಲ. ಅದಕ್ಕಾಗಿ ನಾವು ಒಂದು ಮಿತಿ ಹಾಕಿಕೊಂಡೆವು: ನಮ್ಮ ಪಾಲಿನ ಖರ್ಚು ಒಂದು ಮೂಟೆ ರೋಬಸ್ಟಾ ಚೆರಿಯ ಹಣವನ್ನು ಮೀರಕೂಡದು. ರೂಪಾಯಿಯಲ್ಲಿ ಹಾಕಿದ ಮಿತಿ ದಾರಿಯಲ್ಲಿ ಸಡಿಲವಾಗುತ್ತದೆ. ಮೂಟೆಯಲ್ಲಿ ಹಾಕಿದರೆ ಆ ಮೂಟೆಯನ್ನು ಒಣಗಿಸಿ ತುಂಬಿದ ಕಷ್ಟ ಕಣ್ಣೆದುರಿಗಿರುತ್ತದೆ.

ಆಮೇಲೆ ಕಾಲ ಗೊತ್ತುಮಾಡುವುದು. ಇದೇ ನಿಜವಾದ ತೊಡಕು. ನಮಗೆ ಮಳೆಗಾಲಕ್ಕೆ ಮುಂಚೆ ಮೊದಲ ಔಷಧಿ, ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ನವೆಂಬರಿನಿಂದ ಅರೇಬಿಕಾ ಕೊಯ್ಲು, ಜೊತೆಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಅದರ ಹಿಂದೆಯೇ ಹೂವಿನ ನೀರು. ಬೀಗರಿಗೆ ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದ ಮೇಲೆ ಕಟಾವಿನ ಗ್ಯಾಂಗು ಎಂದು ಬರುತ್ತದೋ ಎಂದು ಮನೆಯಲ್ಲೇ ಕಾದಿರಬೇಕು. ಏಪ್ರಿಲ್, ಮೇ ತಿಂಗಳು ಇಬ್ಬರಿಗೂ ಬಿಡುವು, ಆದರೆ ಕರಾವಳಿಯ ಸೆಖೆ ವಯಸ್ಸಾದವರಿಗಲ್ಲ, ಶಾಲೆಯ ರಜೆಯೆಂದು ಬಾಡಿಗೆಯೂ ಏರಿರುತ್ತದೆ. ಶಿವರಾತ್ರಿಯಲ್ಲಿ ಗೋಕರ್ಣದ ಮಹಾರಥ ನೋಡುವಂಥದ್ದೇ ಹೌದು, ಆದರೆ ಆಗ ಕಾಲಿಡಲು ಜಾಗವಿರುವುದಿಲ್ಲ. ಇನ್ನು ಮಳೆಗಾಲದ ಮಾತೇ ಬೇಡ. 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಹತ್ತರಗಿಯಿಂದ ಗೋಕರ್ಣಕ್ಕೆ ಹೋಗುವ ದಾರಿಯೂ ಅದೇ.

ಹೀಗೆ ತಿಂಗಳುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಬಂದಾಗ ಉಳಿದದ್ದು ದಸರೆ ಗದ್ದಲ ಇಳಿದ ಮೇಲೆ, ದೀಪಾವಳಿಗೆ ಮುಂಚಿನ ಕೆಲವು ದಿನಗಳು. ಅದರಲ್ಲಿಯೂ ಮಂಗಳವಾರದಿಂದ ಗುರುವಾರ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟವರು ಶನಿವಾರ ಬೆಳಿಗ್ಗೆ ಬಂದಿಳಿಯುತ್ತಾರೆ. ಅವರು ಬರುವುದರೊಳಗೆ ನಾವು ಎದ್ದು ಬರುವುದು ಕ್ಷೇಮ, ವಾರದ ನಡುವೆ ಬಾಡಿಗೆಯಲ್ಲಿ ಚೌಕಾಸಿಗೂ ಅವಕಾಶವಿರುತ್ತದೆ.

ಬೀಗರ ಕಡೆಯಿಂದ ಆರು ಜನ: ಬೀಗರು, ಬೀಗಿತ್ತಿ, ಅವ್ವ, ಅಳಿಯ, ಮಗಳು, ಅಳಿಯನ ತಮ್ಮ. ನಮ್ಮ ಕಡೆಯಿಂದ ನಾವು ಮತ್ತು ನಮ್ಮ ಮನೆಯವರು. ಅವರು ಹತ್ತರಗಿಯಿಂದ ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ಹಾದು ಅರಬೈಲು ಘಟ್ಟ ಇಳಿದು ಅಂಕೋಲಾಕ್ಕೆ ಬಂದು ಗೋಕರ್ಣ ಸೇರುವುದು. ಹೆಚ್ಚು ಕಡಿಮೆ 300 ಕಿ.ಮೀ. ನಾವು ತೀರ್ಥಹಳ್ಳಿ, ಸಾಗರದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಕುಮಟಾ. ಕಾರು ಗೊತ್ತುಮಾಡುವ ಮಾತು ಬಂದಿತ್ತು. ಬೀಗಿತ್ತಿಯವರೇ ತಡೆದರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಟಿಕೆಟಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರಾಯಿತು. ಎಂಟು ಜನರಲ್ಲಿ ನಾಲ್ವರು ಹೆಂಗಸರು. ಅರವತ್ತು ದಾಟಿದ ಗಂಡಸರಿಗೆ ಹಿರಿಯ ನಾಗರಿಕರ ರಿಯಾಯಿತಿ ಶೇ. 25. ಕಾರಿನ ಬಾಡಿಗೆಯಲ್ಲಿ ಎರಡು ರಾತ್ರಿಯ ಕೋಣೆಯೇ ಆಗಿಹೋಗುತ್ತದೆ. ಅವ್ವನಿಗಾಗಿ ಹುಬ್ಬಳ್ಳಿಯಲ್ಲಿ ಎರಡು ತಾಸು ವಿಶ್ರಾಂತಿ ಎಂದು ಸೇರಿಸಿಕೊಂಡರು. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗೋಕಾಕದ ಕರದಂಟು. ಮೂರು ದಿನವೂ ಆ ಕರದಂಟೇ ನಮ್ಮ ಬೆಳಗಿನ ಹಸಿವು ಕಳೆಯಿತೆಂಬುದನ್ನು ಹೇಳದಿದ್ದರೆ ಬೀಗಿತ್ತಿಯವರಿಗೆ ಅನ್ಯಾಯವಾದೀತು.

ಕೋಣೆ ಗೊತ್ತುಮಾಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ತಪ್ಪಾದದ್ದೂ ಅಲ್ಲಿಯೇ. ಮೊಬೈಲಿನಲ್ಲಿ ಚಿತ್ರ ನೋಡಿದೆವು: ತೆಂಗಿನ ಮರ, ಕೆಂಪು ಹೆಂಚಿನ ಸಾಲು ಕೋಣೆ, ಎದುರಿಗೇ ನೀಲಿ ನೀರು. ಫೋನಿನಲ್ಲಿ ಮಾತಾಡಿದವರು "ಸಮುದ್ರ ಬಾಗಿಲಲ್ಲೇ ಇದೆ ಸಾರ್" ಎಂದರು. ಕೋಣೆಗೆ ರಾತ್ರಿಗೆ 1,200 ರೂ., ಮೂರು ಕೋಣೆ, ಮುಂಗಡ 2,000 ಕಳಿಸಿದೆವು. ಸುಳ್ಳನ್ನು ಅವರು ಹೇಳಲಿಲ್ಲ. ನಾವು ಕೇಳಬೇಕಾದ್ದನ್ನು ಕೇಳಲಿಲ್ಲ.

ಗೋಕರ್ಣದಲ್ಲಿ ಸಮುದ್ರದಂಡೆ ಒಂದಲ್ಲ. ಊರಿಗೆ ಹತ್ತಿದಂತೆ, ದೇವಸ್ಥಾನದ ಬೀದಿಯಿಂದ ಸಮತಟ್ಟಾದ ದಾರಿಯಲ್ಲಿ ಹೋಗಬಹುದಾದ ದೊಡ್ಡ ದಂಡೆ ಒಂದು. ಅದರ ದಕ್ಷಿಣಕ್ಕೆ ಗುಡ್ಡಗಳ ಸೆರಗಿನಲ್ಲಿ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಎಂಬ ಹೆಸರಿನವು. ಕುಡ್ಲೆ, ಓಂ ದಂಡೆಗಳಿಗೆ ಆಟೋ ಗುಡ್ಡದ ಮೇಲಿನವರೆಗೆ ಹೋಗುತ್ತದೆ, ಅಲ್ಲಿಂದ ಮೆಟ್ಟಿಲಿಳಿಯಬೇಕು. ಅದರಾಚೆಯವಕ್ಕೆ ಕಾಲುದಾರಿ, ಇಲ್ಲವೆ ದೋಣಿ. ಎಳೆಯ ಕಾಲಿನವರಿಗೆ ಅದೇ ಸೊಗಸು. ನಮ್ಮ ಕೋಣೆ ಇದ್ದದ್ದು ಕುಡ್ಲೆಯಲ್ಲಿ.

ಮಧ್ಯಾಹ್ನ ಮೂರು ಗಂಟೆಗೆ ಆಟೋ ನಿಂತಲ್ಲಿ ಇಳಿದು ಕೆಳಗೆ ನೋಡಿದಾಗ ನಮ್ಮ ಎದೆ ಝಲ್ಲೆಂದಿತು. ಅವ್ವ ನಾಲ್ಕು ಮೆಟ್ಟಿಲಿಳಿದು, ಗೋಡೆ ಹಿಡಿದು, ಅಲ್ಲಿಯೇ ಕೂತುಬಿಟ್ಟರು. ಗಿಡಮರಗಳ ಮರೆಯಲ್ಲಿ ನೀರು ಕಾಣಿಸುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಅಳಿಯನ ತಮ್ಮ "ಹೊತ್ಕೊಂಡು ಹೋಗ್ತೀನಿ" ಎಂದು ಮುಂದೆ ಬಂದ. ಅವ್ವ ಒಪ್ಪಲಿಲ್ಲ. "ಹೊತ್ತು ಒಯ್ಯೂ ದಿನಾ ಬ್ಯಾರೆ ಐತಿ. ನೀವು ಹೋಗಿ ಬರ್ರಿ, ನಾ ಇಲ್ಲೇ ಕೇಳ್ಕೋತ ಕುಂದರ್ತೀನಿ" ಎಂದರು. ಬೀಗರು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಲಾಡ್ಜಿನವರ ಬಳಿ ಹೋಗಿ ಮುಂಗಡ ಕೇಳಿದೆವು. ವಾದವಾಗಿ, ಅರ್ಧ ಕೊಟ್ಟರು. ಒಂದು ಸಾವಿರ ಹೋಯಿತು. ಊರೊಳಗೆ ತಿರುಗಿ ಬಂದು, ಸಾಮಾನುಗಳನ್ನೂ ಅವ್ವನನ್ನೂ ಒಂದು ಚಹದಂಗಡಿಯ ಬೆಂಚಿನ ಮೇಲೆ ಬಿಟ್ಟು, ಕಾಲ್ನಡಿಗೆಯಲ್ಲಿ ಬೀದಿ ಬೀದಿ ಕೇಳುತ್ತ ಹೋದೆವು. ಹಿಂದಿನ ಕಾಲದಲ್ಲಿ ಗೋಕರ್ಣಕ್ಕೆ ಹೋದವರು ಪುರೋಹಿತರ ಮನೆಯಲ್ಲಿಯೇ ಇಳಿಯುತ್ತಿದ್ದರು. ಆ ರೂಢಿಯ ಎಳೆ ಇನ್ನೂ ಕಡಿದಿಲ್ಲ. ಈಗಲೂ ದೇವಸ್ಥಾನದ ಸುತ್ತಿನ ಕೇರಿಗಳಲ್ಲಿ ಮನೆಯ ಹಿತ್ತಲಿಗೆ ನಾಲ್ಕು ಕೋಣೆ ಕಟ್ಟಿ ಬಾಡಿಗೆಗೆ ಕೊಡುವವರಿದ್ದಾರೆ. ಚಿತ್ರ ಚೆನ್ನಾಗಿ ಬರುವುದಿಲ್ಲ, ಹಾಗಾಗಿ ಮೊಬೈಲಿನಲ್ಲಿ ಮುಂದೆ ಕಾಣುವುದಿಲ್ಲ. ಕೋಟಿತೀರ್ಥದ ಕಡೆಗೆ ಅಂಥದೊಂದು ಮನೆಯಲ್ಲಿ ನೆಲದ ಮಟ್ಟದ ಮೂರು ಕೋಣೆ ಸಿಕ್ಕವು, ಒಂದಕ್ಕೆ 1,000 ರೂ. ಫ್ಯಾನು, ಚೊಕ್ಕ ಹಾಸಿಗೆ, ಬೆಳಿಗ್ಗೆ ಬಿಸಿನೀರು. ಹವಾನಿಯಂತ್ರಣ ಇಲ್ಲ, ನಮಗೆ ಬೇಕಾಗಿಯೂ ಇರಲಿಲ್ಲ. ಮನೆಯ ಯಜಮಾನತಿ ಅವ್ವನ ಕಾಲು ನೋಡಿ ಕೇಳದೆಯೇ ಒಂದು ಪ್ಲಾಸ್ಟಿಕ್ ಸ್ಟೂಲು ತಂದು ಬಚ್ಚಲಿಗಿಟ್ಟರು.

ಇನ್ನು ಮುಂದೆ ಹೋಗುವವರು ಫೋನಿನಲ್ಲಿ ಸಮುದ್ರ ಎಷ್ಟು ಹತ್ತಿರ ಎಂದು ಕೇಳುವ ಬದಲು ಮೆಟ್ಟಿಲು ಎಷ್ಟು ಎಂದು ಕೇಳಿರಿ. ಬಾಗಿಲವರೆಗೆ ಆಟೋ ಬರುತ್ತದೆಯೇ, ಕೋಣೆ ಯಾವ ಅಂತಸ್ತಿನಲ್ಲಿದೆ, ಪಾಯಿಖಾನೆ ಕುರ್ಚಿಯ ಮಾದರಿಯದೇ, ಬಿಸಿನೀರು ಎಷ್ಟು ಹೊತ್ತಿನವರೆಗೆ? ದಿನದ ಲೆಕ್ಕ ಬಂದ ಗಳಿಗೆಯಿಂದ 24 ತಾಸಿಗೋ, ಮರುದಿನ ಬೆಳಗಿನ 11ಕ್ಕೇ ಮುಗಿಯುತ್ತದೋ? ಇದೊಂದನ್ನು ಕೇಳದೆ ಅರ್ಧ ದಿನಕ್ಕೆ ಪೂರ್ತಿ ಬಾಡಿಗೆ ತೆತ್ತವರುಂಟು. ಹೆಚ್ಚಿನ ಹಾಸಿಗೆಗೆ ಎಷ್ಟು, ಹೋಗದಿದ್ದರೆ ಮುಂಗಡ ತಿರುಗಿ ಕೊಡುತ್ತಾರೆಯೇ ಎಂಬುದನ್ನು ಬರಹದಲ್ಲಿ ಮೊಬೈಲಿಗೇ ಕಳಿಸಲು ಹೇಳಿರಿ. ತೆರಿಗೆಯ ಬಗ್ಗೆಯೂ ಒಂದು ಮಾತು: ದಿನಕ್ಕೆ 7,500 ರೂ. ವರೆಗಿನ ಕೋಣೆಗೆ ಶೇ. 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆಯೆಂದು ಕೇಳಿದರೆ ಜಿಎಸ್‌ಟಿ ಸಂಖ್ಯೆ ಇರುವ ಬಿಲ್ಲನ್ನೇ ಪಡೆಯಿರಿ. ದೊಡ್ಡವರೆಲ್ಲರ ಗುರುತಿನ ಚೀಟಿ ಜೊತೆಗಿರಲಿ. ಎಲ್ಲಕ್ಕಿಂತ ಮೇಲಾಗಿ, ವಾರದ ನಡುವೆ ಹೋಗುವುದಾದರೆ ಮೊದಲ ರಾತ್ರಿಗೆ ಮಾತ್ರ ಗೊತ್ತುಮಾಡಿ, ಎರಡನೆಯದನ್ನು ಕಣ್ಣಾರೆ ನೋಡಿ ಗೊತ್ತುಮಾಡುವುದೇ ಲೇಸೆಂದು ನಮಗೆ ಈಗ ಅನ್ನಿಸುತ್ತಿದೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು, ಅವ್ವನನ್ನು ನಡುವೆ ಇಟ್ಟುಕೊಂಡು, ಅಂಗಡಿಗಳು ಬಾಗಿಲು ತೆಗೆಯದ ಬೀದಿಯಲ್ಲಿ ನಿಧಾನವಾಗಿ ನಡೆದೆವು. ಎರಡು ಕಡೆ ಕೂತು ಎದ್ದರು. ಮರಳು ಬಂದ ಕೂಡಲೆ ಚಪ್ಪಲಿ ಬಿಟ್ಟರು. ತೆರೆ ಪಾದಕ್ಕೆ ಬಂದು ಹೋಯಿತು, ಅವ್ವ ಬೀಗಿತ್ತಿಯ ಕೈ ಬಿಡಲಿಲ್ಲ, ಹಿಂದೆಯೂ ಸರಿಯಲಿಲ್ಲ. ಬಹಳ ಹೊತ್ತು ಸುಮ್ಮನೆ ನಿಂತು ಆಮೇಲೆ ಕೇಳಿದರು: "ಇಷ್ಟ್ ನೀರಾಗ ಒಂದ್ ಎಕರೆ ಕಬ್ಬೂ ಆಗಂಗಿಲ್ಲೇನೋ?" ಬೀಗರು ನಕ್ಕು, ಉಪ್ಪು ಎಂದರು. ಅವ್ವ ಬೆರಳದ್ದಿ ನಾಲಗೆಗೆ ಮುಟ್ಟಿಸಿಕೊಂಡು ನೋಡಿದರು. ಹಿಂದಿನ ದಿನದಿಂದ ಬಿಗಿದಿದ್ದ ಬೀಗರ ಮುಖ ಆಗ ಸಡಿಲಾಯಿತು. ನಮ್ಮದೂ.

ಅದೇ ಹೊತ್ತಿಗೆ ಅಳಿಯನ ತಮ್ಮ ಅಂಗಿ ಕಳಚಿ ನೀರಿಗಿಳಿಯುವುದರಲ್ಲಿದ್ದ. ಹಿಡಕಲ್ ಹಿನ್ನೀರಿನಲ್ಲಿ ಈಜು ಕಲಿತ ಹುಡುಗ, ಧೈರ್ಯ ಜಾಸ್ತಿ. ನಾವು ಗಟ್ಟಿಯಾಗಿಯೇ ಕೂಗಿ ಕರೆದೆವು. ಕೆರೆ, ಬಾವಿ, ಕಾಲುವೆಯ ಈಜು ಸಮುದ್ರದಲ್ಲಿ ನಡೆಯುವುದಿಲ್ಲ. ದಂಡೆಗೆ ಬಂದ ನೀರು ತಿರುಗಿ ಹೋಗುವಾಗ ಕೆಲವೆಡೆ ಒಂದೇ ಕಿರಿದಾದ ದಾರಿಯಲ್ಲಿ ಸೆಳೆದುಕೊಂಡು ಹೋಗುತ್ತದೆ. ಅಂಥಲ್ಲಿ ತೆರೆ ಒಡೆಯದೆ ನೀರು ಸಪಾಟಾಗಿ, ಶಾಂತವಾಗಿ ಕಾಣುವುದರಿಂದ ಹೊಸಬರು ಅಲ್ಲಿಯೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕವರು ನೇರ ದಂಡೆಗೆ ಈಜಲು ಹೆಣಗಿದರೆ ಸುಸ್ತಾಗಿ ಮುಳುಗುತ್ತಾರೆ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ತಿರುಗಬೇಕು. ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಕೆಂಪು ಬಾವುಟ ಇರುವಲ್ಲಿ, ಜೀವರಕ್ಷಕ ಬೇಡವೆಂದಲ್ಲಿ, ಕತ್ತಲಾದ ಮೇಲೆ ಇಳಿಯಕೂಡದು. ಹುಡುಗ ಮುಖ ಊದಿಸಿಕೊಂಡು ಮೊಣಕಾಲು ನೀರಿನಲ್ಲಿ ನಿಂತ. ಊದಿಸಿಕೊಳ್ಳಲಿ.

ದೇವರ ದರ್ಶನ ಸಾಂಗವಾಯಿತು. ಆ ವಿಷಯದಲ್ಲಿ ನಾವು ಬರೆಯಬೇಕಾದ್ದೇನಿಲ್ಲ.

ಲೆಕ್ಕ ಇಲ್ಲಿದೆ. ಮೂರು ಕೋಣೆ ಎರಡು ರಾತ್ರಿಗೆ 6,000. ನಮ್ಮ ಅವಿವೇಕಕ್ಕೆ ಹೋದ ಮುಂಗಡ 1,000. ಎಂಟು ಜನರ ಊಟ ತಿಂಡಿ 5,800. ಆಟೋ 1,500, ಇದರಲ್ಲಿ ಕುಡ್ಲೆಗೆ ಹೋಗಿ ಬಂದದ್ದೂ ಸೇರಿದೆ. ಪೂಜೆ, ಕಾಣಿಕೆ 900. ಒಟ್ಟು 15,200. ಎರಡು ಮನೆಗೆ ಹಂಚಿದರೆ ತಲಾ 7,600. ಗಂಡಸರ ಬಸ್ಸಿನ ಟಿಕೆಟು ಅವರವರದು. ಮುಂಗಡ ಹೋದ ಸಾವಿರವನ್ನು ನಾವೊಬ್ಬರೇ ಹೊರುತ್ತೇವೆಂದರೂ ಬೀಗರು ಕೇಳಲಿಲ್ಲ. ಚೆರಿಯ ಮೂಟೆಯ ಮಿತಿಯೊಳಗೇ ಮುಗಿಯಿತು.

ಮೊನ್ನೆ ಹತ್ತರಗಿಯಿಂದ ಫೋನು ಬಂದಿತ್ತು. ಈ ಸಲ ಮುರ್ಡೇಶ್ವರಕ್ಕೆ ಹೋಗೋಣವೇ ಎಂದು ಬೀಗರು ವಿಚಾರಿಸಿದರು. ಹಿಂದಿನಿಂದ ಅವ್ವನ ದನಿ ಕೇಳಿಸಿತು, ಅಲ್ಲಿ ಪಾವಟಿಗಿ ಎಷ್ಟದಾವ ಕೇಳು ಎಂದು. ಅಲ್ಲಿಯ ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ ಎಂದು ತಿಳಿಸಿದ್ದೇವೆ. ಕೋಣೆಯನ್ನು ಮಾತ್ರ ಈ ಬಾರಿ ಅವರೇ ಗೊತ್ತುಮಾಡುತ್ತಾರಂತೆ.